ಟುಲಿಪ್ ಇಲ್ಲದ ಊರಿನಲ್ಲಿ ವಸಂತದ ಲೆಕ್ಕ

“ಈ ವರ್ಷ ಮಾವು ಹೂ ಬಿಟ್ಟದ್ದೇ ತಡ.” “ಕಕ್ಕೆ ಹೂ ಬಿಸು ಹಬ್ಬಕ್ಕೆ ಮೊದಲೇ ಅರಳಿ ಉದುರಿ ಹೋಯ್ತು.” “ಮೊದಲಿನ ಹಾಗೆ ಕಾಲ ಎಲ್ಲುಂಟು ಮಾರಾಯ್ರೆ?” ಇಂಥ ಮಾತುಗಳನ್ನು ನಾವು ಬಸ್ಸಿನಲ್ಲಿ, ಸಂತೆಯಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ ಆಗಾಗ ಕೇಳುತ್ತೇವೆ, ನಾವೇ ಆಡುತ್ತೇವೆ ಕೂಡ. ಆದರೆ “ಹೋದ ವರ್ಷ ನಿಮ್ಮ ಹಿತ್ತಿಲಿನ ಮಾವು ಯಾವ ತಾರೀಕಿಗೆ ಹೂ ಬಿಟ್ಟಿತು? ಅದರ ಹಿಂದಿನ ವರ್ಷ?” ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಕಾಲ ಬದಲಾಗಿದೆ ಎಂದು ಎಲ್ಲರೂ ಹೇಳುತ್ತೇವೆ. ಎಷ್ಟು ಬದಲಾಗಿದೆ, ಯಾವ ಕಡೆಗೆ ಬದಲಾಗಿದೆ ಎಂದು ತೋರಿಸುವ ಒಂದು ಪುಟವೂ ನಮ್ಮ ಕೈಯಲ್ಲಿ ಇಲ್ಲ.

ಈ ಪುಟವನ್ನು ಬರೆಯಬಲ್ಲವರು ನಮ್ಮ ಶಾಲಾ ಮಕ್ಕಳು. ಅದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಟುಲಿಪ್ ಗಡ್ಡೆಯ ಪಾಠ

ಅಮೆರಿಕದಲ್ಲಿ 1990ರ ದಶಕದಲ್ಲಿ ‘ಜರ್ನಿ ನಾರ್ತ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಅದರಲ್ಲಿ ಶಾಲಾ ಮಕ್ಕಳು ಚಳಿಗಾಲಕ್ಕೆ ಮೊದಲು ತಮ್ಮ ಶಾಲೆಯ ತೋಟದಲ್ಲಿ ಟುಲಿಪ್ ಗಡ್ಡೆಗಳನ್ನು ನೆಡುತ್ತಾರೆ. ಗಡ್ಡೆ ಚಳಿಗಾಲವಿಡೀ ಮಣ್ಣಿನೊಳಗೆ ಮಲಗಿರುತ್ತದೆ. ಚಳಿ ಮುಗಿದು ಮಣ್ಣು ಬೆಚ್ಚಗಾಗುವಾಗ ಎಲೆಯ ತುದಿ ಹೊರಗೆ ಬರುತ್ತದೆ, ಆ ಮೇಲೆ ಹೂ ಅರಳುತ್ತದೆ. ಎಲೆ ಕಂಡ ತಾರೀಕು, ಹೂ ಅರಳಿದ ತಾರೀಕು, ಇವೆರಡನ್ನು ಮಕ್ಕಳು ಬರೆದು ಕಳುಹಿಸುತ್ತಾರೆ. ಎಲ್ಲ ಶಾಲೆಗಳ ತಾರೀಕುಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿದಾಗ ವಸಂತವು ದಕ್ಷಿಣದಿಂದ ಉತ್ತರಕ್ಕೆ ಹೆಜ್ಜೆ ಹೆಜ್ಜೆಯಾಗಿ ಸಾಗುವುದು ಕಣ್ಣಿಗೆ ಕಾಣುತ್ತದೆ.

ಇದರಲ್ಲಿ ಒಂದು ಗುಟ್ಟು ಉಂಟು. ಎಲ್ಲ ಶಾಲೆಗಳೂ ಒಂದೇ ತಳಿಯ ಟುಲಿಪ್ ನೆಡುತ್ತವೆ. ಅದರ ಹೆಸರು ‘ರೆಡ್ ಎಂಪರರ್’. ಒಂದು ಶಾಲೆ ಬೇಗ ಅರಳುವ ತಳಿಯನ್ನೂ ಇನ್ನೊಂದು ಶಾಲೆ ತಡವಾಗಿ ಅರಳುವ ತಳಿಯನ್ನೂ ನೆಟ್ಟರೆ ವ್ಯತ್ಯಾಸ ಹವೆಯಿಂದ ಬಂತೋ ತಳಿಯಿಂದ ಬಂತೋ ಎಂದು ಹೇಳಲಿಕ್ಕೆ ಆಗುವುದಿಲ್ಲ. ತಳಿ ಒಂದೇ ಆದಾಗ ತಾರೀಕಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ಆ ಊರಿನ ಹವೆ ಎಂದು ಹೇಳಬಹುದು. ಬೇರೆ ಬೇರೆ ಅಂಗಡಿಗಳಲ್ಲಿ ಒಂದೇ ತಕ್ಕಡಿ ಇಟ್ಟು ತೂಗಿದ ಹಾಗೆ.

ನಮ್ಮಲ್ಲಿ ಟುಲಿಪ್ ಯಾಕೆ ಆಗುವುದಿಲ್ಲ?

ಟುಲಿಪ್ ಗಡ್ಡೆಯೊಳಗೆ ಹೂವಿನ ದಂಟು ಸರಿಯಾಗಿ ಬೆಳೆಯಬೇಕಾದರೆ ಅದಕ್ಕೆ ಸುಮಾರು ಮೂರು ತಿಂಗಳಾದರೂ ಒಳ್ಳೆಯ ಚಳಿ ಸಿಗಬೇಕು, ಅಂದರೆ ಫ್ರಿಜ್ಜಿನೊಳಗೆ ಇರುವಷ್ಟು ತಂಪು. ಕಾಶ್ಮೀರದ ಶ್ರೀನಗರದಲ್ಲಿ ಇದು ಸಾಧ್ಯ. ಅಲ್ಲಿ 2007ರಲ್ಲಿ ಸಾರ್ವಜನಿಕರಿಗೆ ತೆರೆದ ಟುಲಿಪ್ ತೋಟವನ್ನು ನೋಡಲು ಪ್ರತಿ ವಸಂತದಲ್ಲಿ ದೇಶದ ಎಲ್ಲ ಕಡೆಯಿಂದ ಜನ ಹೋಗುತ್ತಾರೆ. ಮಂಗಳೂರಿನಲ್ಲಾದರೋ ಜನವರಿಯ ರಾತ್ರಿಯಲ್ಲೂ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿನ ಮಣ್ಣಿನಲ್ಲಿ ಟುಲಿಪ್ ಗಡ್ಡೆ ನೆಟ್ಟರೆ ಅದು ಹೆಚ್ಚಾಗಿ ಕೊಳೆಯುತ್ತದೆ.

ಹಾಗಾದರೆ ನಮಗೆ ವಸಂತವೇ ಇಲ್ಲವೇ? ಉಂಟು. ಆದರೆ ನಮ್ಮ ವಸಂತ ಹಿಮ ಕರಗಿ ಬರುವ ವಸಂತವಲ್ಲ. ಮಳೆ ನಿಂತು, ಮಣ್ಣು ಒಣಗಿ, ಬಿಸಿಲು ಏರುವಾಗ ಬರುವ ವಸಂತ. ಅದರ ಗುರುತನ್ನು ಹೇಳುವುದು ಗಡ್ಡೆಗಳಲ್ಲ, ಮರಗಳು. ಟುಲಿಪ್ ತರಲು ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ಅದರ ಪಾಠವನ್ನು ಮಾತ್ರ ತೆಗೆದುಕೊಂಡು ನಮ್ಮ ಮರಗಳ ಕೆಳಗೆ ನಿಂತರೆ ಸಾಕು.

ನಮ್ಮ ವಸಂತದ ಗುರುತುಗಳು

ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮಾವು ಹೂ ಬಿಡುತ್ತದೆ. ಅದೇ ಹೊತ್ತಿಗೆ ಗೇರು ಮರ ಹೂವಿನಲ್ಲಿರುತ್ತದೆ. ಹಲಸಿನ ಕಾಂಡದಲ್ಲಿ ಸಣ್ಣ ಸಣ್ಣ ಗುಜ್ಜೆ ಮೂಡುತ್ತದೆ. ಎಲೆಯೆಲ್ಲ ಉದುರಿಸಿದ ಬೂರುಗ ಬೋಳು ಕೊಂಬೆಗಳಲ್ಲಿ ಕೆಂಪು ಹೂ ತುಂಬಿಕೊಂಡು ನಿಲ್ಲುತ್ತದೆ. ಹೊಂಗೆ ಹಳೆಯ ಎಲೆ ಉದುರಿಸಿ ಮಿನುಗುವ ಚಿಗುರು ತರುತ್ತದೆ. ಏಪ್ರಿಲ್ ಹೊತ್ತಿಗೆ ಕಕ್ಕೆ ಹಳದಿ ಗೊಂಚಲುಗಳನ್ನು ಇಳಿಬಿಡುತ್ತದೆ. ಹೊಳೆ ದಾಸವಾಳ ನೇರಳೆ ಬಣ್ಣದ ಹೂ ತರುತ್ತದೆ. ಕೊನೆಗೆ ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್, ನಾವು ‘ಮೇ ಫ್ಲವರ್’ ಎಂದು ಕರೆಯುವ ಮರ, ರಸ್ತೆ ಬದಿಯನ್ನು ಕೆಂಪು ಮಾಡುತ್ತದೆ.

ಸುಡುವ ಬಿಸಿಲಿನಲ್ಲಿ ಮರಗಳು ಯಾಕೆ ಹೂ ಬಿಡುತ್ತವೆ ಎಂದು ಮಕ್ಕಳು ಕೇಳಬಹುದು. ಕಾರಣ ಸರಳ. ಮಳೆಗಾಲದಲ್ಲಿ ಜೋರು ಮಳೆಗೆ ಪರಾಗ ತೊಳೆದು ಹೋಗುತ್ತದೆ, ಜೇನ್ನೊಣಗಳು ಹಾರಾಡುವುದು ಕಡಿಮೆ. ಒಣ ದಿನಗಳಲ್ಲಿ, ಅದರಲ್ಲೂ ಎಲೆ ಕಡಿಮೆ ಇರುವಾಗ, ಹೂ ದೂರದಿಂದಲೇ ಕಾಣುತ್ತದೆ. ಮಾವು ಹಲಸಿನಂಥ ಮರಗಳಲ್ಲಿ ಈಗ ಕಾಯಿ ಕಟ್ಟಿದರೆ ಮಳೆ ಶುರುವಾಗುವ ಹೊತ್ತಿಗೆ ಹಣ್ಣಾಗಿ ಬೀಜ ನೆಲಕ್ಕೆ ಬೀಳುತ್ತದೆ, ಒದ್ದೆ ಮಣ್ಣಿನಲ್ಲಿ ಮೊಳಕೆ ಒಡೆಯುತ್ತದೆ. ಅಂದರೆ ಹೂವಿನ ಕಾಲ ಮತ್ತು ಮಳೆಯ ಕಾಲ ಒಂದಕ್ಕೊಂದು ಹೊಂದಿಕೊಂಡಿವೆ. ಒಂದು ಜಾರಿದರೆ ಇನ್ನೊಂದಕ್ಕೆ ಪೆಟ್ಟು.

ನಮ್ಮ ಹಿರಿಯರ ಹಬ್ಬಗಳೂ ಈ ಲೆಕ್ಕದ ಮೇಲೆಯೇ ನಿಂತಿವೆ. ತುಳುವರ ಸುಗ್ಗಿ ತಿಂಗಳು ಮುಗಿದು ಪಗ್ಗು ಹುಟ್ಟುವ ದಿನ, ಏಪ್ರಿಲ್ ಮಧ್ಯದಲ್ಲಿ, ಬಿಸು ಹಬ್ಬ. ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರಿಗೆ, ಪತ್ತನಾಜೆ. ಆ ದಿನ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸುತ್ತವೆ, ಇನ್ನು ಮಳೆ ಬರುತ್ತದೆ ಎಂದು ರೈತ ಗದ್ದೆಯ ಕಡೆಗೆ ನೋಡುತ್ತಾನೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಅರ್ಪಿಸಲು ಹೂ ಹುಡುಕಿಕೊಂಡು ಹಿತ್ತಿಲು, ಗುಡ್ಡೆ ಸುತ್ತುತ್ತಾರೆ. ಹಬ್ಬದ ದಿನ ಹೊಸ ತೆನೆ ಮನೆಗೆ ಬರುತ್ತದೆ. ಯಾವ ಹೂ ಯಾವಾಗ, ಎಲ್ಲಿ ಸಿಗುತ್ತದೆ ಎಂಬುದು ಆ ಮಕ್ಕಳಿಗೆ ಯಾರೂ ಕಲಿಸದೆ ಗೊತ್ತುಂಟು. ಗೊತ್ತಿರುವುದನ್ನು ಬರೆದಿಡುವ ಅಭ್ಯಾಸ ಮಾತ್ರ ಇಲ್ಲ.

ನೆನಪು ಸಾಕಾಗುವುದಿಲ್ಲ

ನೆನಪು ನಂಬಬಹುದಾದ ಸಾಕ್ಷಿಯಲ್ಲ. ಒಂದು ವರ್ಷ ತೀರಾ ಬೇಗ ಹೂ ಬಿಟ್ಟದ್ದು ನಮಗೆ ನೆನಪಿರುತ್ತದೆ. ಸಾಧಾರಣವಾಗಿ ಬಿಟ್ಟ ಹತ್ತು ವರ್ಷ ಮರೆತು ಹೋಗಿರುತ್ತದೆ. ಮಳೆಯ ವಿಷಯವನ್ನೇ ನೋಡಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ನಮ್ಮ ಕರಾವಳಿಗೆ ಅದಾದ ಕೆಲವು ದಿನಗಳಲ್ಲಿ ಬರುತ್ತದೆ. 2023ರಲ್ಲಿ ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಬಂದದ್ದು ಮೇ 24ಕ್ಕೆ. ಎರಡೇ ವರ್ಷದ ಅಂತರದಲ್ಲಿ ಹದಿನೈದು ದಿನಗಳ ವ್ಯತ್ಯಾಸ! ಇದನ್ನು ನಾವು ಇಷ್ಟು ಖಚಿತವಾಗಿ ಹೇಳಬಹುದಾದದ್ದು ಹವಾಮಾನ ಇಲಾಖೆ ತಾರೀಕು ಬರೆದಿಟ್ಟದ್ದರಿಂದ. ಮಾವಿನ ಹೂವಿಗೆ, ಕಕ್ಕೆಯ ಹೂವಿಗೆ ಅಂಥ ಇಲಾಖೆ ಇಲ್ಲ.

ಬರೆದಿಟ್ಟವರು ಜಗತ್ತಿನಲ್ಲಿ ಇದ್ದಾರೆ. ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಹೂ ಅರಳಿದ ದಿನಗಳ ದಾಖಲೆ ಕ್ರಿ.ಶ. 812ರಿಂದ ಸಿಗುತ್ತದೆ. ಅರಮನೆಯವರು, ಮಠದ ಸನ್ಯಾಸಿಗಳು ಹೂ ನೋಡುವ ಹಬ್ಬದ ದಿನವನ್ನು ತಮ್ಮ ದಿನಚರಿಯಲ್ಲಿ ಬರೆಯುತ್ತಿದ್ದರು. ಆ ದಾಖಲೆ ಇದ್ದುದರಿಂದಲೇ 2021ರ ಮಾರ್ಚ್ 26ರಂದು ಕ್ಯೋಟೋದಲ್ಲಿ ಚೆರ್ರಿ ಪೂರ್ತಿ ಅರಳಿದಾಗ, ಸಾವಿರದ ಇನ್ನೂರು ವರ್ಷಗಳ ಲೆಕ್ಕದಲ್ಲಿ ಇದೇ ಅತಿ ಬೇಗ ಎಂದು ಹೇಳಲು ಸಾಧ್ಯವಾಯಿತು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬವರು 1736ರಲ್ಲಿ ವಸಂತದ ಗುರುತುಗಳನ್ನು ಬರೆಯಲು ಆರಂಭಿಸಿದರು. ಅವರ ನಂತರ ಮನೆಯವರು ತಲೆಮಾರಿನಿಂದ ತಲೆಮಾರಿಗೆ ಅದನ್ನು 1958ರ ವರೆಗೆ ಮುಂದುವರಿಸಿದರು. ಇವರು ಬರೆದದ್ದು ಬರೀ ಮರದ ಹೆಸರು ಮತ್ತು ತಾರೀಕು. ನಿಲ್ಲಿಸದೆ ಬರೆದದ್ದರಿಂದ ಅದಕ್ಕೆ ಬೆಲೆ ಬಂತು. ಈ ವಿದ್ಯೆಗೆ ವಿಜ್ಞಾನದಲ್ಲಿ ‘ಫಿನಾಲಜಿ’ ಎಂದು ಹೆಸರು.

ನಮ್ಮ ಜಿಲ್ಲೆಯ ಸಸ್ಯಗಳ ಬಗ್ಗೆ ಒಳ್ಳೆಯ ಗ್ರಂಥಗಳಿವೆ. ಉಡುಪಿಯ ಸಸ್ಯವಿಜ್ಞಾನಿ ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ 2003ರಲ್ಲಿ, ‘ಫ್ಲೋರಾ ಆಫ್ ಸೌತ್ ಕೆನರಾ’ 2014ರಲ್ಲಿ ಪ್ರಕಟವಾದವು. ಇಂಥ ಗ್ರಂಥಗಳನ್ನು ನೋಡಿ ಒಂದು ಗಿಡ ಸಾಧಾರಣವಾಗಿ ಯಾವ ತಿಂಗಳುಗಳಲ್ಲಿ ಹೂ ಬಿಡುತ್ತದೆ ಎಂದು ತಿಳಿಯಬಹುದು. ಆದರೆ ಇದೇ ಮರ, ಈ ವರ್ಷ, ಯಾವ ವಾರ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ಅದಕ್ಕೆ ವಾರ ವಾರ ಮರದ ಕೆಳಗೆ ಹೋಗಿ ನಿಲ್ಲುವವರು ಬೇಕು.

ಭಾರತದಲ್ಲಿ ‘ಸೀಸನ್‌ವಾಚ್’

ನಮ್ಮ ದೇಶದಲ್ಲೂ ಈ ಕೆಲಸ ನಡೆಯುತ್ತಿದೆ. ಮೈಸೂರಿನಲ್ಲಿ ಮುಖ್ಯ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ ನಡೆಸುವ ‘ಸೀಸನ್‌ವಾಚ್’ ಕಾರ್ಯಕ್ರಮ 2010ರ ದಶಕದ ಆರಂಭದಿಂದ ನಡೆದು ಬಂದಿದೆ. ಯಾರು ಬೇಕಾದರೂ ಒಂದು ಮರವನ್ನು ಆರಿಸಿ, ವಾರಕ್ಕೊಮ್ಮೆ ಅದನ್ನು ನೋಡಿ, ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ದಾಖಲಿಸಬಹುದು. ಮಾವು, ಹಲಸು, ಹುಣಸೆ, ಕಕ್ಕೆ ಸೇರಿ ನೂರಕ್ಕೂ ಹೆಚ್ಚು ಜಾತಿಯ ಮರಗಳು ಅದರ ಪಟ್ಟಿಯಲ್ಲಿವೆ. ಇದರಲ್ಲಿ ಅತಿ ಹೆಚ್ಚು ಪಾಲು ಪಡೆದವರು ನೆರೆಯ ಕೇರಳದ ಶಾಲಾ ಮಕ್ಕಳು. ‘ಮಾತೃಭೂಮಿ’ ಪತ್ರಿಕೆಯ ‘ಸೀಡ್’ ಎಂಬ ಶಾಲಾ ಪರಿಸರ ಯೋಜನೆಯ ಮೂಲಕ ಅಲ್ಲಿನ ಬಹಳಷ್ಟು ಶಾಲೆಗಳು ಸೇರಿಕೊಂಡವು. ವಿಷು ಹಬ್ಬದ ಕಣಿಗೆ ಬೇಕಾದ ಕೊನ್ನ ಹೂ, ಅಂದರೆ ನಮ್ಮ ಕಕ್ಕೆ, ಹಬ್ಬಕ್ಕೆ ಮೊದಲೇ ಅರಳಿ ಮುಗಿಯುತ್ತದೆ ಎಂಬ ಮಾತು ಅಲ್ಲಿಯೂ ಉಂಟು. ಈಗಿನ ಮಕ್ಕಳು ಬರೆದಿಡುವ ಲೆಕ್ಕವೇ ಮುಂದೆ ಆ ಮಾತು ನಿಜವೋ ಅಲ್ಲವೋ ಎಂದು ಹೇಳಬೇಕು. ಕೇರಳದ ಗಡಿ ನಮ್ಮಿಂದ ದೂರ ಇಲ್ಲ. ತಲಪಾಡಿ ದಾಟಿದರೆ ಕೇರಳ. ಅಲ್ಲಿನ ಮಕ್ಕಳಿಗೆ ಆಗುವುದು ನಮ್ಮ ಮಕ್ಕಳಿಗೆ ಯಾಕೆ ಆಗಬಾರದು?

ನಮ್ಮ ‘ರೆಡ್ ಎಂಪರರ್’ ಯಾವುದು?

ಟುಲಿಪ್ ಪಾಠದಲ್ಲಿ ‘ಒಂದೇ ತಳಿ’ ಎಂಬ ಮಾತು ಮುಖ್ಯ ಎಂದು ಹೇಳಿದೆವು. ಗೊರಟಿನಿಂದ ಹುಟ್ಟಿದ ಕಾಟು ಮಾವಿನ ಮರಗಳು ಒಂದಕ್ಕಿಂತ ಒಂದು ಬೇರೆ. ಪಕ್ಕ ಪಕ್ಕದಲ್ಲಿದ್ದರೂ ಒಂದು ಡಿಸೆಂಬರಿನಲ್ಲಿ, ಇನ್ನೊಂದು ಫೆಬ್ರವರಿಯಲ್ಲಿ ಹೂ ಬಿಡಬಹುದು. ಆದರೆ ಕಸಿ ಗಿಡಗಳು ಹಾಗಲ್ಲ. ಒಂದೇ ತಳಿಯ ಕಸಿಗಳ ಮೇಲಿನ ಭಾಗ ತಾಯಿಮರದ ತುಂಡೇ ಆಗಿರುತ್ತದೆ. ನಮ್ಮೂರಿನ ಹೆಸರಾಂತ ಮುಂಡಪ್ಪ ಮಾವಿನ ಕಸಿ ಮಂಗಳೂರಿನಲ್ಲೂ, ಮೂಡಬಿದಿರೆಯಲ್ಲೂ, ಬೆಳ್ತಂಗಡಿಯಲ್ಲೂ ನೆಟ್ಟರೆ ಮೂರೂ ಕಡೆ ಬೆಳೆಯುವುದು ಒಂದೇ ತಳಿ. ಅದೇ ರೀತಿ ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ‘ಉಳ್ಳಾಲ-1’ ಮೊದಲಾದ ಗೇರು ಕಸಿಗಳು.

ಆದುದರಿಂದ ನಾಲ್ಕಾರು ಶಾಲೆಗಳು ಸೇರಿ, ಪ್ರತಿ ಶಾಲೆಯ ವಠಾರದಲ್ಲಿ ಒಂದೊಂದು ಮುಂಡಪ್ಪ ಕಸಿ ನೆಟ್ಟರೆ ಅದೇ ನಮ್ಮ ಕರಾವಳಿಯ ಟುಲಿಪ್ ತೋಟ. ಕಸಿ ಗಿಡ ಕೆಲವೇ ವರ್ಷಗಳಲ್ಲಿ ಹೂ ಬಿಡುತ್ತದೆ, ಎತ್ತರವೂ ಕಡಿಮೆ, ಮಕ್ಕಳ ಕಣ್ಣಿಗೆ ಎಟಕುತ್ತದೆ. ಒಂದು ಹೂ ಬಂದ ಕೂಡಲೇ ಲೆಕ್ಕ ಶುರು ಮಾಡಬಹುದು. ಅಲ್ಲಿಯ ವರೆಗೆ ಈಗಾಗಲೇ ಇರುವ ದೊಡ್ಡ ಮರಗಳನ್ನು ನೋಡುತ್ತಾ ಇರಬಹುದು. ಬೀಜದಿಂದ ಬಂದ ಮರವಾದರೂ ಅದೇ ಮರವನ್ನು ವರ್ಷ ವರ್ಷ ನೋಡಿದರೆ ಅದರ ಇಂದಿನ ತಾರೀಕನ್ನು ಅದರದ್ದೇ ಹಿಂದಿನ ತಾರೀಕಿನ ಜೊತೆ ಹೋಲಿಸಬಹುದು.

ಶಾಲೆಯಲ್ಲಿ ಮಾಡುವುದು ಹೇಗೆ?

ಇದಕ್ಕೆ ದುಡ್ಡು ಬೇಡ. ಒಂದು ಉದ್ದ ಪುಸ್ತಕ, ಒಂದು ಪೆನ್ನು, ಒಬ್ಬರು ಆಸಕ್ತಿ ಇರುವ ಟೀಚರ್ ಸಾಕು. ಇಕೋ ಕ್ಲಬ್ ಇರುವ ಶಾಲೆಯಾದರೆ ಇನ್ನೂ ಸುಲಭ.

1. ಮರ ಆರಿಸಿ. ವಠಾರದಲ್ಲಿ ಅಥವಾ ಶಾಲೆಗೆ ಬರುವ ದಾರಿಯಲ್ಲಿರುವ ಮೂರರಿಂದ ಐದು ಮರ ಸಾಕು. ಮಾವು, ಹಲಸು, ಕಕ್ಕೆ, ಗೇರು, ಹೊಂಗೆ ಒಳ್ಳೆಯದು. ಪ್ರತಿ ಮರಕ್ಕೆ ಒಂದು ನಂಬರ್ ಕೊಡಿ. ಮೊಳೆ ಹೊಡೆಯಬೇಡಿ, ಸಡಿಲವಾಗಿ ಹಗ್ಗ ಕಟ್ಟಿ ಹಲಗೆ ತೂಗಹಾಕಿ.

2. ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಶುಕ್ರವಾರ ಎಂದರೆ ಪ್ರತಿ ಶುಕ್ರವಾರ. ಹೂ ಬಂದಾಗ ಮಾತ್ರ ಹೋಗಿ ನೋಡುವುದಲ್ಲ.

3. ಆರು ವಿಷಯ ಬರೆಯಿರಿ: ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಎಳೆ ಕಾಯಿ, ಹಣ್ಣು. ಪ್ರತಿಯೊಂದರ ಮುಂದೆ ‘ಇಲ್ಲ’, ‘ಸ್ವಲ್ಪ’, ‘ತುಂಬಾ’ ಎಂಬ ಮೂರರಲ್ಲಿ ಒಂದು. ಎಣಿಸುತ್ತಾ ಕೂರುವುದು ಬೇಡ.

4. ‘ಇಲ್ಲ’ ಎಂಬುದನ್ನೂ ಬರೆಯಲೇಬೇಕು. ಜನವರಿ 9ಕ್ಕೆ ಹೂ ‘ಇಲ್ಲ’, ಜನವರಿ 16ಕ್ಕೆ ‘ಸ್ವಲ್ಪ’ ಎಂದು ಬರೆದಿದ್ದರೆ ಹೂ ಆರಂಭವಾದದ್ದು ಆ ಏಳು ದಿನಗಳ ಒಳಗೆ ಎಂದು ಖಚಿತ. ಮೊದಲನೆಯದನ್ನು ಬರೆಯದಿದ್ದರೆ ಹೂ ಯಾವಾಗಿನಿಂದ ಇತ್ತೋ ಯಾರಿಗೂ ಗೊತ್ತಾಗುವುದಿಲ್ಲ.

5. ಆ ವಾರ ಮಳೆ ಬಂತೋ, ಮೋಡ ಇತ್ತೋ, ಕೊಂಬೆ ಕಡಿದರೋ ಎಂದು ಒಂದು ಸಾಲು ಸೇರಿಸಿ.

6. ನೋಡದ ವಾರ ಖಾಲಿ ಬಿಡಿ. ಅಂದಾಜಿನಿಂದ ತುಂಬಿಸಬೇಡಿ. ಖಾಲಿ ಜಾಗ ತಪ್ಪಲ್ಲ, ಸುಳ್ಳು ತಾರೀಕು ಇಡೀ ಪುಸ್ತಕವನ್ನೇ ಕೆಡಿಸುತ್ತದೆ. ಮಕ್ಕಳು ಈ ಒಂದು ಪಾಠ ಕಲಿತರೂ ಸಾಕು.

7. ಮಕ್ಕಳು ಮರ ಹತ್ತಬಾರದು, ಹೂ ಕೀಳಬಾರದು. ರಸ್ತೆ ಬದಿಯ ಮರವಾದರೆ ದೊಡ್ಡವರೊಬ್ಬರು ಜೊತೆಗಿರಬೇಕು.

ರಜೆಯಲ್ಲಿ ಯಾರು ನೋಡುವುದು?

ಇಲ್ಲೊಂದು ನಿಜವಾದ ತೊಡಕು ಉಂಟು. ಮಾವು ಹೂ ಬಿಡುವಾಗ ಶಾಲೆ ಇರುತ್ತದೆ. ಆದರೆ ಕಕ್ಕೆ ಅರಳುವಾಗ, ಮಾವು ಹಲಸು ಹಣ್ಣಾಗುವಾಗ ಬೇಸಿಗೆ ರಜೆ. ಏಪ್ರಿಲ್, ಮೇ ತಿಂಗಳ ಪುಟಗಳು ಖಾಲಿ ಉಳಿದರೆ ವಸಂತದ ಅರ್ಧ ಲೆಕ್ಕವೇ ಹೋಯಿತು.

ಇದಕ್ಕೆ ಶಾಲೆಯ ಹತ್ತಿರದಲ್ಲೇ ಮನೆ ಇರುವ ಇಬ್ಬರು ಮಕ್ಕಳಿಗೆ ಪುಸ್ತಕ ಒಪ್ಪಿಸಬಹುದು. ಅಥವಾ ಆ ವಾರ್ಡಿನ ಸ್ವಸಹಾಯ ಸಂಘದ ಸಹೋದರಿಯರು ವಹಿಸಿಕೊಳ್ಳಬಹುದು. ವಾರದ ಸಭೆ ಹೇಗೂ ನಡೆಯುತ್ತದೆ, ಉಳಿತಾಯದ ಪುಸ್ತಕ ಬರೆಯುವಷ್ಟೇ ಹೊತ್ತು ಇದಕ್ಕೆ ಸಾಕು. ಉಪ್ಪಿನಕಾಯಿಗೆ ಮಿಡಿ ಯಾವಾಗ ಸಿಕ್ಕಿತು, ಹಪ್ಪಳಕ್ಕೆ ಹಲಸು ಯಾವಾಗ ಬಲಿಯಿತು ಎಂಬುದು ಅವರಿಗೆ ಮಕ್ಕಳಿಗಿಂತ ಚೆನ್ನಾಗಿ ಗೊತ್ತು. ಜೂನ್‌ನಲ್ಲಿ ಶಾಲೆ ತೆರೆದಾಗ ಪುಸ್ತಕ ಮತ್ತೆ ತರಗತಿಗೆ ಬರಲಿ.

ಇನ್ನೊಂದು ಮಾತು. ಏಳನೇ ತರಗತಿಯ ಮಕ್ಕಳು ಶಾಲೆ ಬಿಟ್ಟು ಹೋಗುವಾಗ ಪುಸ್ತಕವನ್ನು ಆರನೇ ತರಗತಿಯ ಕೈಗೆ ಕೊಟ್ಟು ಹೋಗಬೇಕು. ಟೀಚರ್ ವರ್ಗವಾದರೂ ಪುಸ್ತಕ ಶಾಲೆಯಲ್ಲೇ ಇರಬೇಕು. ಒಂದು ವರ್ಷದ ಲೆಕ್ಕ ಬರೀ ಪ್ರಾಜೆಕ್ಟ್. ಹತ್ತು ವರ್ಷದ ಲೆಕ್ಕ ಊರಿನ ಆಸ್ತಿ.

ಇದರಿಂದ ಯಾರಿಗೆ ಏನು?

ಮೊದಲನೆಯದಾಗಿ ಬೆಳೆಗಾರರಿಗೆ. ಚಿಗುರು ಬಲಿತು, ಮಣ್ಣು ಒಣಗಿ, ರಾತ್ರಿ ಸ್ವಲ್ಪ ತಂಪಾದಾಗ ಮಾವು ಚೆನ್ನಾಗಿ ಹೂ ಬಿಡುತ್ತದೆ. ಮಳೆ ನವೆಂಬರ್, ಡಿಸೆಂಬರಿನ ವರೆಗೆ ಎಳೆದರೆ ಹೂವಿನ ಬದಲು ಚಿಗುರು ಬರಬಹುದು. ಹೂ ಇರುವಾಗ ಮೋಡ, ಮಳೆ ಬಂದರೆ ಜಿಗಿ ಹುಳ ಮತ್ತು ಬೂದಿ ರೋಗದ ಕಾಟ. ಗೇರಿಗೆ ಟೀ ಸೊಳ್ಳೆಯ ಹಾವಳಿ. ಗೇರಿಗೆ ಔಷಧಿ ಸಿಂಪಡಿಸಬೇಕಾದದ್ದು ಚಿಗುರಿನ, ಹೂವಿನ, ಎಳೆ ಕಾಯಿಯ ಹಂತ ನೋಡಿ, ಕ್ಯಾಲೆಂಡರ್ ನೋಡಿ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಮಳೆ ಹಿಡಿಯುವ ಮೊದಲೇ ಆಗಬೇಕು. ಇಂಥ ಕೆಲಸಗಳಲ್ಲಿ ಒಂದು ವಾರ ಹಿಂದೆ ಮುಂದೆ ಆದರೆ ಒಂದು ಮನೆಯ ವರ್ಷದ ಆದಾಯವೇ ಅಲ್ಲಾಡುತ್ತದೆ. ಊರಿನದ್ದೇ ಹತ್ತು ವರ್ಷದ ತಾರೀಕು ಕೈಯಲ್ಲಿದ್ದರೆ, ಸಂಶೋಧನಾ ಕೇಂದ್ರದವರ ಹತ್ತಿರ ಮಾತಾಡುವಾಗ “ಕಾಲ ಕೆಟ್ಟಿದೆ ಸ್ವಾಮಿ” ಎನ್ನುವ ಬದಲು ಪುಸ್ತಕ ತೆರೆದು ತೋರಿಸಬಹುದು.

ಎರಡನೆಯದಾಗಿ ಮರಗಳಿಗೆ. ಮಂಗಳೂರಿನಲ್ಲಿ ರಸ್ತೆ ಅಗಲವಾಗುವಾಗ, ಕಟ್ಟಡ ಏಳುವಾಗ ಮರಗಳು ಬೀಳುತ್ತಿವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮಕ್ಕಳ ಪುಸ್ತಕಕ್ಕೆ ಕಾನೂನಿನ ಬಲ ಇಲ್ಲ, ನಿಜ. ಆದರೆ ‘ರಸ್ತೆ ಬದಿಯ ಒಂದು ಮರ’ ಎಂದು ಹೇಳುವುದಕ್ಕೂ, ‘ಎಂಟು ವರ್ಷದಿಂದ ಪ್ರತಿ ವಾರ ಮಕ್ಕಳು ನೋಡುತ್ತಾ ಬಂದ 3ನೇ ನಂಬರಿನ ಕಕ್ಕೆ’ ಎಂದು ಹೇಳುವುದಕ್ಕೂ ವ್ಯತ್ಯಾಸ ಉಂಟು. ಹೆಸರಿಲ್ಲದ ಮರ ಕಡಿಯುವುದು ಸುಲಭ. ಪರಿಚಯದ ಮರಕ್ಕೆ ಕೊಡಲಿ ಹಾಕುವಾಗ ಯಾರಾದರೂ ಕೇಳುವವರು ಇರುತ್ತಾರೆ.

ಮೂರನೆಯದಾಗಿ ಮಕ್ಕಳಿಗೆ. ಹವಾಮಾನ ಬದಲಾವಣೆ ಎಂದರೆ ಮಕ್ಕಳ ಮನಸ್ಸಿಗೆ ದೂರದ ಹಿಮಗಡ್ಡೆ, ಹಿಮಕರಡಿ ಬರುತ್ತದೆ. ಅದು ನಮ್ಮ ಹಿತ್ತಿಲಿಗೂ ಬರುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದೆರಡು ವರ್ಷದ ಅಂಕೆ ನೋಡಿ ಅವಸರದ ತೀರ್ಮಾನಕ್ಕೆ ಬರಬಾರದು ಎಂಬುದನ್ನೂ ಅವರು ಇದರಿಂದಲೇ ಕಲಿಯುತ್ತಾರೆ. ಮಾವು ಒಂದು ವರ್ಷ ತುಂಬಾ ಬಿಟ್ಟು ಮರುವರ್ಷ ಕಡಿಮೆ ಬಿಡುವುದು ಅದರ ಸ್ವಭಾವ. ಅದನ್ನು ಹವೆಯ ಬದಲಾವಣೆ ಎಂದು ತಿಳಿಯಬಾರದು. ತಾಳ್ಮೆ ಇಲ್ಲದೆ ಸತ್ಯ ಸಿಗುವುದಿಲ್ಲ ಎಂಬುದು ವಿಜ್ಞಾನದ ಪಾಠವೂ ಹೌದು, ಬಾಳಿನ ಪಾಠವೂ ಹೌದು.

ಹಳೆಯ ಮರಗಳ ಬಗ್ಗೆ ಅಜ್ಜ ಅಜ್ಜಿಯರನ್ನು ಕೇಳಿ ಬರೆಯುವ ಕೆಲಸವನ್ನೂ ಇದರ ಜೊತೆ ಸೇರಿಸಬಹುದು. ಅವರ ನೆನಪನ್ನು ಬೇರೆ ಪುಟದಲ್ಲಿ ‘ಕೇಳಿದ್ದು’ ಎಂದು ಬರೆಯಲಿ, ಮಕ್ಕಳೇ ಕಂಡದ್ದನ್ನು ‘ನೋಡಿದ್ದು’ ಎಂದು ಬರೆಯಲಿ. ಎರಡಕ್ಕೂ ಬೆಲೆ ಉಂಟು, ಎರಡೂ ಬೆರೆಯಬಾರದು ಅಷ್ಟೇ.

ಮುಖ್ಯೋಪಾಧ್ಯಾಯರಲ್ಲಿ, ಟೀಚರುಗಳಲ್ಲಿ, ಹೆತ್ತವರ ಸಂಘದವರಲ್ಲಿ ನಮ್ಮ ವಿನಂತಿ ಇಷ್ಟೇ. ದೊಡ್ಡ ಸಮಾರಂಭ, ಬ್ಯಾನರ್ ಯಾವುದೂ ಬೇಡ. ಬರುವ ಶುಕ್ರವಾರ ಹತ್ತು ಮಕ್ಕಳನ್ನು ಕರೆದುಕೊಂಡು ವಠಾರದ ಒಂದು ಮರದ ಕೆಳಗೆ ಹೋಗಿ. ಮೇಲಕ್ಕೆ ನೋಡಲು ಹೇಳಿ. ಚಿಗುರು ಉಂಟೋ, ಮೊಗ್ಗು ಉಂಟೋ, ಏನೂ ಇಲ್ಲವೋ, ಕಂಡದ್ದನ್ನು ತಾರೀಕು ಹಾಕಿ ಬರೆಯಲಿ. ಮುಂದಿನ ಶುಕ್ರವಾರ ಮತ್ತೆ ಅದೇ ಮರದ ಕೆಳಗೆ ಹೋಗಿ.